ಇಳಿಯಲೊಲ್ಲದ ತೂಕ

2002ರಲ್ಲಿ ನಾನು ಮ್ಯಾನ್‌ಹೈಮ್‌ನ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ಹಿರಿಯ ಫಿಸಿಯೋಥೆರಪಿಸ್ಟ್ ಆಗಿದ್ದೆ. ಊರು ಉಡುಪಿಯ ಕಡೆ. ಗಂಡನ ಸಂಶೋಧನಾ ಕೆಲಸದ ಬೆನ್ನಿಗೆ ಜರ್ಮನಿಗೆ ಬಂದವಳು, ಇಲ್ಲಿಯೇ ಮೂರು ವರ್ಷ ತರಬೇತಿ ಪಡೆದು, ಬೆನ್ನು, ಮಂಡಿ, ಭುಜ ಎಂದು ಜನರನ್ನು ಎಬ್ಬಿಸಿ ನಡೆಸುವುದರಲ್ಲೇ ನನ್ನ ವಯಸ್ಸು ಕಳೆದೆ. ಆಗ ಜರ್ಮನ್ ಸರ್ಕಾರ ಗ್ರೀನ್ ಕಾರ್ಡ್ ಎಂದು ಹೆಸರಿಟ್ಟು ಸಾಫ್ಟ್‌ವೇರ್ ಮಂದಿಯನ್ನು ಐದು ವರ್ಷದ ಪರವಾನಗಿಯ ಮೇಲೆ ಕರೆಸಿಕೊಳ್ಳುತ್ತಿದ್ದ ಕಾಲ. ನಮ್ಮ ಕನ್ನಡದವರ ಕೂಟಕ್ಕೆ ಪ್ರತಿ ಸಲವೂ ಹೊಸ ಮುಖಗಳು ಬರುತ್ತಿದ್ದವು. ಬಂದವರು ಕುರ್ಚಿಯಲ್ಲಿ ಕೂತು ಕೂತು ವರ್ಷದೊಳಗೆ ಪ್ಯಾಂಟಿನ ಅಳತೆ ಬದಲಿಸುತ್ತಿದ್ದರು. ಬಿಸಿಬೇಳೆಭಾತಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಹೊಟ್ಟೆ ಕರಗುವ ವ್ಯಾಯಾಮ ಯಾವುದು ಎಂದು ನನ್ನನ್ನು ಕೇಳುತ್ತಿದ್ದರು. ಮೊದಲು ಆ ತಟ್ಟೆ ಕೆಳಗಿಡಿ ಮಾರಾಯ್ರೆ ಎನ್ನುತ್ತಿದ್ದೆ. ನನ್ನ ಬಾಯಿಯೇ ಹಾಗೆ.

ಆ ಕೂಟದಲ್ಲಿ ನನಗೆ ನಿಜವಾಗಿ ಹತ್ತಿರದವರು ಸುಮಿತ್ರಕ್ಕ. ಧಾರವಾಡದವರು, ನನಗಿಂತ ಎರಡು ವರ್ಷ ದೊಡ್ಡವರು. ಗಂಡ ಆನಂದರಾವ್ ಒಂದು ವಾಹನ ಕಂಪನಿಯಲ್ಲಿ ಎಂಜಿನಿಯರ್. ನನ್ನ ಗಂಡ ತೀರಿಕೊಂಡ ವರ್ಷ ಆರು ತಿಂಗಳು ನನ್ನ ಮನೆಯ ಒಲೆ ಹೊತ್ತಿರಲಿಲ್ಲ. ಸುಮಿತ್ರಕ್ಕ ಟ್ರಾಮ್ ಹತ್ತಿ ಬಂದು ಡಬ್ಬಿ ಇಟ್ಟು ಹೋಗುತ್ತಿದ್ದರು. ಅಂಥವರ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಅಂದರೆ ಯಂತ್ರದಲ್ಲಿ ರಕ್ತ ತೊಳೆಸಿಕೊಳ್ಳುವುದು. ದಿನಕ್ಕೆ ಇಷ್ಟೇ ನೀರು ಎಂದು ಕಟ್ಟುಪಾಡು. ಬೇಸಿಗೆಯಲ್ಲಿ ಅವರು ಐಸಿನ ಚೂರನ್ನು ಬಾಯಲ್ಲಿಟ್ಟುಕೊಂಡು ಕೂತಿರುವುದನ್ನು ನೋಡಿದರೆ ನನಗೆ ಅವರ ಎದುರಿಗೆ ಒಂದು ಲೋಟ ನೀರು ಕುಡಿಯಲೂ ನಾಚಿಕೆಯಾಗುತ್ತಿತ್ತು. ಸತ್ತವರಿಂದ ಸಿಗುವ ಕಿಡ್ನಿಗೆ ಇಲ್ಲಿ ವರ್ಷಗಟ್ಟಲೆ ಸರದಿ ಕಾಯಬೇಕು. ಕಾಯುತ್ತಲೇ ಹೋದವರನ್ನು ನಾವಿಬ್ಬರೂ ಕಂಡಿದ್ದೆವು.

ಸುಮಿತ್ರಕ್ಕನ ತಮ್ಮ ಗಿರೀಶ ಗ್ರೀನ್ ಕಾರ್ಡ್ ಮೇಲೆ ಬಂದವನು. ಆಗ ನಲವತ್ತನಾಲ್ಕು ವಯಸ್ಸು. ಹೆಂಡತಿ ಅನುಪಮಾ, ಆರು ವರ್ಷದ ಮಗಳು. ಬಂದ ಹೊಸತರಲ್ಲಿ ಮೂವರೂ ಅಕ್ಕನ ಮನೆಯಲ್ಲೇ ಇದ್ದರು. ಯುಗಾದಿಯ ದಿನ ಕೂಟದವರೆಲ್ಲ ಸಭಾಂಗಣದಲ್ಲಿ ಊಟಕ್ಕೆ ಕೂತಾಗ ಹಿರಿಯರೊಬ್ಬರು ಮನೆಯವರಲ್ಲಿ ಯಾರಾದರೂ ಕೊಡಬಹುದಲ್ಲ ಎಂದರು. ಗಿರೀಶ ಹೋಳಿಗೆ ಕೈಯಲ್ಲಿದ್ದಂತೆಯೇ, ನಾನು ಕೊಡುತ್ತೇನೆ ಎಂದ. ಊಟದ ಸಾಲಿನಲ್ಲಿ ಹೆಂಗಸರು ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ಮರುವಾರವೇ ಧಾರವಾಡದ ಬಂಧುಬಳಗಕ್ಕೆಲ್ಲ ಫೋನಿನಲ್ಲಿ ಸುದ್ದಿ ಹೋಯಿತು. ರಕ್ತದ ಗುಂಪು, ಉಳಿದ ಪರೀಕ್ಷೆಗಳು ಎಲ್ಲ ಹೊಂದಿದವು.

ಒಂದೇ ಅಡ್ಡಿ, ತೂಕ. ದಪ್ಪಗಿದ್ದವರ ಕಿಡ್ನಿ ತೆಗೆದರೆ ಶಸ್ತ್ರಚಿಕಿತ್ಸೆಯ ಅಪಾಯವೂ ಹೆಚ್ಚು, ಉಳಿದ ಒಂದೇ ಕಿಡ್ನಿಯ ಮೇಲೆ ಮುಂದೆ ಬೀಳುವ ಹೊರೆಯೂ ಹೆಚ್ಚು. ಗಿರೀಶ ನೂರಾ ಎರಡು ಕಿಲೋ ಇದ್ದ. ಅವನ ಎತ್ತರಕ್ಕೆ ತೊಂಬತ್ತರ ಒಳಗೆ ಬರಬೇಕು, ಅಲ್ಲಿಯವರೆಗೆ ಮುಂದಿನ ಮಾತಿಲ್ಲ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದರು. ಸುಮಿತ್ರಕ್ಕ ಅವನನ್ನು ಕರೆದುಕೊಂಡು ನೇರವಾಗಿ ನನ್ನ ಮನೆಗೆ ಬಂದರು.

“ವಾರಿಜಾ, ಇವನ್ನ ನಿನ್ನ ಕೈಯಾಗ ಕೊಟ್ಟೀನಿ. ನನ್ನ ಜೀವಾನೂ ಅದರಾಗ ಐತಿ ಅಂತ ತಿಳಕೋ” ಎಂದರು.

ಅಂಥ ಮಾತಿಗೆ ಫೀಸು ಕೇಳುವುದುಂಟೇ. ಚಿಕಿತ್ಸಾಲಯದ ಮಾಲೀಕರ ಒಪ್ಪಿಗೆ ಪಡೆದು, ಕೆಲಸದ ಅವಧಿ ಮುಗಿದ ಮೇಲೆ ವಾರಕ್ಕೆ ಮೂರು ಸಂಜೆ ಗಿರೀಶನಿಗೆಂದೇ ಇಟ್ಟುಕೊಂಡೆ.

ನಡುವಯಸ್ಸಿನಲ್ಲಿ ತೂಕ ಇಳಿಸುವ ಬಗ್ಗೆ ಎರಡು ಮಾತು ಇಲ್ಲಿಯೇ ಹೇಳುತ್ತೇನೆ. ನಲವತ್ತು ದಾಟಿದ ಮೇಲೆ ಸುಮ್ಮನೆ ಕೂತರೂ ಮಾಂಸಖಂಡ ಕರಗುತ್ತ ಹೋಗುತ್ತದೆ. ಆ ವಯಸ್ಸಿನಲ್ಲಿ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡರೆ ಕೊಬ್ಬಿನ ಜೊತೆಗೆ ಮಾಂಸಖಂಡವೂ ಹೋಗಿ, ಆಮೇಲೆ ಒಂದು ತುತ್ತು ಉಂಡರೂ ಮೈಗೆ ಹತ್ತುತ್ತದೆ. ಆದ್ದರಿಂದ ನಡಿಗೆಯ ಜೊತೆಗೆ ಭಾರ ಎತ್ತುವುದು ಬೇಕು, ಬೇಳೆ, ಮೊಸರು ಬೇಕು, ನಿದ್ದೆ ಬೇಕು. ನಡೆಯುವ ವೇಗಕ್ಕೆ ಯಂತ್ರ ಬೇಡ. ಜೊತೆಯವರ ಹತ್ತಿರ ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟೇ ಅಳತೆ. ಗಿರೀಶ ಮೊದಲ ದಿನವೇ, ತಾನು ಪ್ರತಿ ಶನಿವಾರ ಉಪವಾಸ ಮಾಡುತ್ತೇನೆ, ಅದು ಅನುಕೂಲವೇ ಅಲ್ಲವೇ ಎಂದು ಕೇಳಿದ. ಉಪವಾಸಕ್ಕೆ ಏನು ತಿನ್ನುತ್ತೀ ಎಂದೆ. ಸಾಬೂದಾಣಿ ಖಿಚಡಿ, ಹುರಿದ ಶೇಂಗಾ, ಬಾಳೆಹಣ್ಣಿನ ಸೀಕರಣೆ ಎಂದ. ಇದರ ಮುಂದೆ ಊಟವೇ ಹಗುರ, ದೇವರ ಹತ್ತಿರ ನಾನು ಮಾತಾಡುತ್ತೇನೆ, ನೀನು ಶನಿವಾರವೂ ರೊಟ್ಟಿ ಪಲ್ಯ ಉಣ್ಣು ಎಂದು ಆ ಉಪವಾಸವನ್ನು ನಿಲ್ಲಿಸಿದೆ.

ಹೀಗೆ ಮೇ ತಿಂಗಳಲ್ಲಿ ಶುರುವಾಯಿತು. ನೆಕ್ಕರ್ ನದಿಯ ದಂಡೆಯ ಮೇಲೆ ನಡಿಗೆ, ಒಳಗೆ ರಬ್ಬರ್ ಪಟ್ಟಿ, ಮರಳಿನ ಚೀಲ, ಮೆಟ್ಟಿಲು. ಒಂದು ಹಳೆಯ ಸೈಕಲ್ ಕೊಡಿಸಿ ರೈಲು ನಿಲ್ದಾಣದವರೆಗೆ ಅದರಲ್ಲೇ ಹೋಗು ಎಂದೆ. ಮೊದಲ ತಿಂಗಳು ಏದುಸಿರು ಬಿಡುತ್ತಿದ್ದವನು ಎರಡನೇ ತಿಂಗಳಲ್ಲಿ ನನ್ನನ್ನೇ ಹಿಂದೆ ಹಾಕಿ ನಡೆಯತೊಡಗಿದ. ಅನುಪಮಾ ಎಣ್ಣೆಯ ಡಬ್ಬಿಯನ್ನು ಮೇಲಿನ ಕಪಾಟಿಗೆ ಏರಿಸಿದಳು. ನೂರಾ ಎರಡು ತೊಂಬತ್ತೇಳಾಯಿತು, ಆಮೇಲೆ ತೊಂಬತ್ತನಾಲ್ಕು. ಜುಲೈ ಕೊನೆಗೆ ತೊಂಬತ್ತೊಂದು. ನನ್ನ ವೃತ್ತಿಯಲ್ಲಿ ಹಾಗೆ ಹೇಳಿದ್ದನ್ನು ಹೇಳಿದಂತೆ ಮಾಡಿದವರು ಕಡಿಮೆ. ನನಗೆ ಅವನ ಮೇಲೆ ಹೆಮ್ಮೆ ಬಂದಿತ್ತು, ಅದನ್ನು ನಾನು ಮುಚ್ಚಿಡಲೂ ಇಲ್ಲ. ಪ್ರತಿ ಗುರುವಾರ ತೂಕ ನೋಡಿದ ತಕ್ಷಣ ಸುಮಿತ್ರಕ್ಕನಿಗೆ ಫೋನ್ ಮಾಡುತ್ತಿದ್ದೆ. ಅವರು ಆಪರೇಷನ್ ಆದ ಮೇಲೆ ಏನೇನು ಮಾಡಬೇಕೆಂದು ಮಾತಾಡಲು ಶುರು ಮಾಡಿದ್ದರು.

ಅಲ್ಲಿಗೆ ನಿಂತಿತು. ಒಂದು ವಾರ ತೊಂಬತ್ತೊಂದೂವರೆ, ಮರುವಾರ ತೊಂಬತ್ತೆರಡು. ತೂಕ ಇಳಿಯುವಾಗ ನಡುವೆ ಹೀಗೆ ನಿಲ್ಲುವುದು ಎಲ್ಲರಿಗೂ ಆಗುತ್ತದೆ, ದೇಹ ಹೊಸ ಲೆಕ್ಕಕ್ಕೆ ಒಗ್ಗಿಕೊಳ್ಳುತ್ತದೆ, ನಾನು ಗಾಬರಿಯಾಗಲಿಲ್ಲ. ವ್ಯಾಯಾಮ ಬದಲಿಸಿದೆ. ಅನುಪಮಾಳ ಅಡುಗೆಮನೆಗೆ ಹೋಗಿ ಚಮಚ ಹಿಡಿದು ಅಳೆದು ಬಂದೆ. ವೈದ್ಯರಿಗೆ ಹೇಳಿ ಥೈರಾಯ್ಡ್ ಪರೀಕ್ಷೆ ಮಾಡಿಸಿದೆ, ಎಲ್ಲ ಸರಿಯಾಗಿತ್ತು. ಸೆಪ್ಟೆಂಬರ್‌ನಲ್ಲಿ ತೊಂಬತ್ತನಾಲ್ಕು. ಗಿರೀಶ ಒಂದು ಸಂಜೆಯೂ ತಪ್ಪಿಸಲಿಲ್ಲ, ಬೆವರು ಸುರಿಸಿಕೊಂಡು ಹೇಳಿದ್ದಕ್ಕಿಂತ ಹೆಚ್ಚೇ ಮಾಡುತ್ತಿದ್ದ. ಆನಂದರಾಯರು ಒಮ್ಮೆ ನನ್ನ ಹತ್ತಿರ ಇವನು ಬಾಯಿ ಕಟ್ಟುತ್ತಿದ್ದಾನೋ ಇಲ್ಲವೋ ಎಂದು ಅನುಮಾನ ಎತ್ತಿದಾಗ ನಾನು ಅವರ ಮೇಲೆ ಹರಿಹಾಯ್ದೆ. ಆ ಹುಡುಗ ನಿಮ್ಮ ಹೆಂಡತಿಗಾಗಿ ಜೀವ ತೇಯುತ್ತಿದ್ದಾನೆ, ನೀವು ಅವನ ತಟ್ಟೆ ಎಣಿಸುತ್ತೀರಾ ಎಂದೆ. ಅವರು ಕ್ಷಮೆ ಕೇಳಿದರು. ಆಸ್ಪತ್ರೆಯಲ್ಲಿ ಕಿಡ್ನಿ ಕಸಿಯ ವ್ಯವಸ್ಥೆ ನೋಡಿಕೊಳ್ಳುವ ಸಂಯೋಜಕಿಗೂ ನಾನೇ ಫೋನ್ ಮಾಡಿ, ಈತನಷ್ಟು ಶ್ರದ್ಧೆಯ ಮನುಷ್ಯನನ್ನು ನಾನು ನೋಡಿಲ್ಲ, ಇನ್ನೂ ಸ್ವಲ್ಪ ಕಾಲ ಕೊಡಿ ಎಂದು ವಾದಿಸಿದೆ. ಅಷ್ಟರಲ್ಲಿ ಸುಮಿತ್ರಕ್ಕನ ಕೈಯ ರಕ್ತನಾಳ ಕಟ್ಟಿಕೊಂಡು, ಡಯಾಲಿಸಿಸ್‌ಗೆ ಕುತ್ತಿಗೆಯಲ್ಲಿ ನಳಿಕೆ ಹಾಕಬೇಕಾಯಿತು. ಅವರು ಇಳಿದುಹೋಗುತ್ತಿದ್ದರು, ತಮ್ಮನ ತೂಕ ಏರುತ್ತಿತ್ತು.

ಅಕ್ಟೋಬರ್‌ನ ಒಂದು ಬುಧವಾರ ಮನೆಯಿಂದ ಹೊರಬರಲಾಗದ ಒಬ್ಬ ಅಜ್ಜಿಗೆ ವ್ಯಾಯಾಮ ಮಾಡಿಸಲು ದಕ್ಷಿಣದ ಒಂದು ಸಣ್ಣ ಊರಿಗೆ ಹೋಗಿದ್ದೆ. ಮಧ್ಯಾಹ್ನ ಮೂರರ ಸುಮಾರಿಗೆ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಿದ್ದಾಗ ಪ್ಲಾಟ್‌ಫಾರ್ಮಿನ ಆಚೆ ತುದಿಯ ಬೆಂಚಿನ ಮೇಲೆ ಗಿರೀಶ ಕಂಡ. ಅವನ ಆಫೀಸಿನ ಬಸ್ ಅಲ್ಲಿಗೇ ಬರುತ್ತದೆ ಎಂಬುದು ಆಗ ನೆನಪಾಯಿತು. ಕರೆಯೋಣ ಎಂದು ಕೈ ಎತ್ತಿದವಳು ಹಾಗೇ ನಿಂತೆ. ತೊಡೆಯ ಮೇಲೆ ಬೇಕರಿಯ ಕಾಗದದ ಚೀಲ. ದಪ್ಪಗೆ ಬೆಣ್ಣೆ ಹಚ್ಚಿದ ಬ್ರೆಟ್ಸೆಲ್, ಉಪ್ಪು ಉದುರಿಸಿದ ಆ ಜರ್ಮನ್ ರೊಟ್ಟಿ, ಒಂದಾದ ಮೇಲೆ ಒಂದು ತೆಗೆದು ತಿನ್ನುತ್ತಿದ್ದ. ನಡುನಡುವೆ ಚಾಕೊಲೇಟ್ ಹಾಲು. ಬಾಯಿಚಪಲಕ್ಕೆ ಕದ್ದು ತಿನ್ನುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರ ಮುಖದಲ್ಲಿ ಒಂದು ಸುಖ ಇರುತ್ತದೆ. ಇವನು ಕಷಾಯ ಕುಡಿಯುವವರ ಹಾಗೆ ಕಣ್ಣುಮುಚ್ಚಿ ನುಂಗುತ್ತಿದ್ದ. ಮರುದಿನ ಗುರುವಾರ, ತೂಕ ನೋಡುವ ದಿನ.

ಹೋಗಿ ಪಕ್ಕದಲ್ಲಿ ಕೂತೆ. ಅವನು ಚೀಲ ಮುಚ್ಚಿಡಲಿಲ್ಲ.

“ಎಷ್ಟು ಸಮಯದಿಂದ ಉಂಟು ಇದು?”

“ತೊಂಬತ್ತೊಂದು ಆತಲ್ರೀ, ಅವತ್ತಿನಿಂದ.”

“ಎಂತಕ್ಕೆ ಮಾರಾಯ?”

ಅವನು ಬೆರಳಿಗಂಟಿದ ಉಪ್ಪನ್ನು ಕರವಸ್ತ್ರಕ್ಕೆ ಒರೆಸಿಕೊಂಡ. “ನನಗ ಕೊಡೂದು ಆಗೂದಿಲ್ರೀ ಅಕ್ಕಾರ. ಕಾರಣ ಕೇಳಬ್ಯಾಡ್ರಿ. ಅಂಜಿಕಿ, ಅಷ್ಟ.”

ಆಮೇಲೆ ಬೇರೆಯದನ್ನೆಲ್ಲ ತಾನಾಗಿಯೇ ಹೇಳಿದ. ಯುಗಾದಿಯ ದಿನ ಬಾಯಿಂದ ಮಾತು ಹೇಗೆ ಬಂತೋ ಅವನಿಗೇ ತಿಳಿಯದು. ಆ ರಾತ್ರಿಯಿಂದಲೇ ಭಯ ಹಿಡಿದಿತ್ತು. ಮೊದಲ ಪರೀಕ್ಷೆಗಳ ಸಮಯದಲ್ಲೇ, ಆಸ್ಪತ್ರೆಯಲ್ಲಿ ಒಬ್ಬ ಮನಃಶಾಸ್ತ್ರಜ್ಞೆ ಮಾತಾಡಿಸುತ್ತಾರೆ ಎಂದಾಗ, ಅಲ್ಲಿ ಹೇಳಿಬಿಡಬೇಕು ಎಂದು ಗಟ್ಟಿ ಮಾಡಿಕೊಂಡು ಹೋಗಿದ್ದ. ಕಿಡ್ನಿ ಕೊಡುವವನನ್ನು ಒಬ್ಬನನ್ನೇ ಕೂರಿಸಿಕೊಂಡು, ನಿನಗೆ ಮನಸ್ಸುಂಟೇ, ಯಾರ ಒತ್ತಾಯವೂ ಇಲ್ಲವೇ ಎಂದು ಕೇಳುವುದು ಇಲ್ಲಿನ ಪದ್ಧತಿ. ಆ ಮಾತುಕತೆ ಇರುವುದೇ ಬೇಡ ಎನ್ನಲು ಒಂದು ದಾರಿ ಇರಲಿ ಎಂದು. ಅವತ್ತು ಗಿರೀಶನನ್ನು ಕಾರಿನಲ್ಲಿ ಕರೆದೊಯ್ದವರು ಆನಂದರಾಯರು. ಅಕ್ಕನ ಗಂಡನನ್ನು ಆ ಕಡೆ ಮಾಮಾ ಎನ್ನುತ್ತಾರೆ, ತಂದೆಯ ಸಮಾನ. ಕೋಣೆಯ ಬಾಗಿಲಲ್ಲಿ ಆಕೆ, ಇವರು ಹೊರಗೆ ಕೂತಿರಲೋ, ಒಳಗೆ ಬರಲೋ, ನಿಮಗೆ ಹೇಗೆ ಅನುಕೂಲ ಎಂದು ಗಿರೀಶನನ್ನೇ ಕೇಳಿದರಂತೆ. ಆನಂದರಾಯರು ಹೊರಗೆ ಹೊರಟಿದ್ದರು. ಇವನೇ ಅವರ ತೋಳು ಹಿಡಿದು, ನಮ್ಮ ಮನೆಯಲ್ಲಿ ಮುಚ್ಚುಮರೆ ಇಲ್ಲ, ಅವರೂ ಕೂರಲಿ ಎಂದ.

“ಮಾಮಾಗ ಹೊರಗ ಹೋಗ್ರಿ ಅಂತ ನಾ ಹೆಂಗ ಅನ್ಲಿ? ಆಮ್ಯಾಲ ಆಕಿ ಎರಡು ಸಲ ಕೇಳಿದಳ್ರಿ, ಮನಸ್ಸು ಐತೇನು ಅಂತ. ಮಾಮಾ ಬಾಜೂಕ ಕುಂತಿದ್ರು. ಎರಡೂ ಸಲ ಹೂಂ ಅಂದೆ.”

ಕೇಳಿ ನನಗೆ ಮರುಕ ಬರಬೇಕಿತ್ತು. ಬಂದದ್ದು ಸಿಟ್ಟು. ಹಾಗಾದರೆ ಇಷ್ಟು ತಿಂಗಳು ನನ್ನ ಸಂಜೆಗಳನ್ನು ಯಾಕೆ ತಿಂದೆ, ಮೊದಲೇ ವ್ಯಾಯಾಮಕ್ಕೆ ಬರದೇ ಇದ್ದಿದ್ದರೆ ಆಗುತ್ತಿತ್ತಲ್ಲ ಎಂದೆ.

“ಈ ವಯಸ್ಸಿನ್ಯಾಗ ಯಾರ ತೂಕರ ಇಳದದ್ದು ನೀವು ನೋಡೀರೇನ್ರಿ? ನಂದೂ ಇಳಿಯೂದಿಲ್ಲ ಅಂತ ಧೈರ್ಯ ಇತ್ತು. ನೀವು ಇಳಿಸಿಬಿಟ್ರಿ.” ಚೀಲದ ಬಾಯಿ ಮಡಚುತ್ತ ಹೇಳಿದ: “ನೀವು ಪ್ರಯತ್ನ ಮಾಡ್ಯಾನ ಅಂದ್ರ ಎಲ್ಲಾರೂ ನಂಬ್ತಾರಲ್ರಿ. ಅದಕ್ಕ ಬರ್ತಿದ್ದೆ.”

ಆನಂದರಾಯರ ಮುಂದೆ, ಆಸ್ಪತ್ರೆಯವರ ಮುಂದೆ, ಸುಮಿತ್ರಕ್ಕನ ಮುಂದೆ ನಾನು ಅವನ ಪರ ಆಡಿದ ಒಂದೊಂದು ಮಾತನ್ನೂ ಅವನು ಗುರಾಣಿ ಮಾಡಿಕೊಂಡಿದ್ದ. ಅಷ್ಟು ವರ್ಷ ಜನರ ಮೈ ಮುಟ್ಟಿ ನೋವು ಎಲ್ಲಿದೆ ಎಂದು ಹೇಳುತ್ತಿದ್ದ ನನ್ನ ವಿದ್ಯೆಯನ್ನು ಸುಳ್ಳುಸಾಕ್ಷಿಗೆ ಬಳಸಿದ್ದ. ಎದ್ದು ಹೋಗಿಬಿಡೋಣ ಎನ್ನಿಸಿತು. ಆದರೆ ಫಿಸಿಯೋಥೆರಪಿಸ್ಟ್‌ಗೆ ಇಲ್ಲಿ ವೈದ್ಯರಿಗಿದ್ದಷ್ಟೇ ಕಟ್ಟುನಿಟ್ಟಾದ ಗುಟ್ಟು ಕಾಯುವ ಕರ್ತವ್ಯ ಉಂಟು. ಚಿಕಿತ್ಸೆಗೆ ಬಂದವನು ಹೇಳಿದ್ದನ್ನು ಹೆತ್ತ ತಾಯಿಗೂ ಹೇಳುವಂತಿಲ್ಲ. ಫೀಸು ತೆಗೆದುಕೊಂಡಿಲ್ಲ ಎಂದು ಆ ಕಟ್ಟು ಸಡಿಲವಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮನಸ್ಸಿಲ್ಲದವನ ಹೊಟ್ಟೆ ಕೊಯ್ಯಬಾರದು ಎಂಬುದರಲ್ಲಿ ನನಗೆ ಆಗಲೂ ಅನುಮಾನ ಇರಲಿಲ್ಲ.

ಅವನಿಗೆ ದಾರಿ ಹೇಳಿದೆ. ಆ ಮನಃಶಾಸ್ತ್ರಜ್ಞೆಗೆ ನೀನೊಬ್ಬನೇ ಫೋನ್ ಮಾಡು, ಇಂಗ್ಲಿಷಿನಲ್ಲೇ ಮಾತಾಡು, ಹತ್ತು ನಿಮಿಷದ ಕೆಲಸ. ವೈದ್ಯಕೀಯ ಕಾರಣಕ್ಕೆ ಈತ ದಾನಿಯಾಗಲು ಯೋಗ್ಯನಲ್ಲ ಎಂದಷ್ಟೇ ಅವರು ಮನೆಯವರಿಗೆ ತಿಳಿಸುತ್ತಾರೆ, ಇನ್ನೊಂದು ಮಾತು ಹೇಳುವುದಿಲ್ಲ. ಗಿರೀಶ ಬಾಯಿ ತೆರೆದು ನನ್ನನ್ನೇ ನೋಡಿದ. ಹಾಗೂ ಮಾಡಬಹುದು ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಬ್ರೆಟ್ಸೆಲ್ ತಿಂದು ಸಾಯುವುದಕ್ಕಿಂತ ಸುಲಭ ಅಲ್ಲವಾ ಎಂದು ಹೇಳಿ ನನ್ನ ರೈಲು ಹತ್ತಿದೆ. ಅದೇ ರೈಲಿನಲ್ಲಿ ಅವನೂ ಬರಬೇಕಾಗಿತ್ತು, ಬರಲಿಲ್ಲ.

ಎರಡು ವಾರದಲ್ಲಿ ಆಸ್ಪತ್ರೆಯಿಂದ ಸುದ್ದಿ ಬಂತು, ದಾನಿ ಯೋಗ್ಯನಲ್ಲ ಎಂದು. ಎಲ್ಲರೂ ತೂಕದ ಕಾರಣ ಎಂದೇ ತಿಳಿದರು. ಸುಮಿತ್ರಕ್ಕನನ್ನು ನೋಡಲು ಡಯಾಲಿಸಿಸ್ ಕೇಂದ್ರಕ್ಕೆ ಹೋದೆ. ಅವರು ಅಳಲಿಲ್ಲ. ಮೊದಲಿಗೆ ತಮ್ಮನ ಬಗ್ಗೆ ಪಾಪ ಎಂದರು, ಅಷ್ಟು ಕಷ್ಟಪಟ್ಟ ಎಂದರು. ಆಮೇಲೆ ಯಂತ್ರದ ಕಡೆ ನೋಡುತ್ತ, ಬೇರೆ ಯಾರ ಹತ್ತಿರವಾದರೂ ಕಳಿಸಿದ್ದರೆ ಆ ನಾಲ್ಕು ಕಿಲೋ ಇಳಿಯುತ್ತಿತ್ತೇನೋ ಎಂದು ತಮಗೆ ತಾವೇ ಹೇಳಿಕೊಂಡರು. ನಾನು ಅವರ ಕಾಲ ಮೇಲಿನ ಹೊದಿಕೆ ಸರಿಮಾಡಿದೆ. ನನ್ನ ಕೆಲಸದ ಬಗ್ಗೆ ಅಂಥ ಮಾತನ್ನು ಬೇರೆ ಯಾರು ಆಡಿದ್ದರೂ ಜನ್ಮ ಜಾಲಾಡಿಬಿಡುತ್ತಿದ್ದೆ.

ಗಿರೀಶ ನನ್ನ ಹತ್ತಿರ ಬರುವುದು ನಿಲ್ಲಿಸಿದ. ಆದರೆ ಕಲಿಸಿದ್ದು ಮೈಗೆ ಹತ್ತಿಬಿಟ್ಟಿತ್ತು. ಹೆದರಿಕೆ ಹೋದ ಮೇಲೆ ತಿನ್ನಲು ಕಾರಣ ಉಳಿಯಲಿಲ್ಲ. ಸೈಕಲ್ ಬಿಡಲಿಲ್ಲ, ಬೆಳಗಿನ ನಡಿಗೆ ಬಿಡಲಿಲ್ಲ. ಮುಂದಿನ ಯುಗಾದಿಯ ಹೊತ್ತಿಗೆ ಎಂಬತ್ತೈದರ ಆಸುಪಾಸಿಗೆ ಬಂದಿದ್ದ. ಹೊಸ ಅಂಗಿ ತೊಟ್ಟು ಸಭಾಂಗಣದ ಬಾಗಿಲಿಗೆ ಬಂದಾಗ ಜನ ಸುತ್ತುಗಟ್ಟಿದರು. ಈ ವಯಸ್ಸಿನಲ್ಲಿ ಹೇಗೆ ಸಾಧಿಸಿದಿರಿ ಎಂದು ಕೇಳುವವರೇ ಎಲ್ಲ. ಅವನು ನನ್ನ ಕಡೆ ಕೈ ತೋರಿಸಿ, ಎಲ್ಲ ಅಕ್ಕಾರ ಕಲಿಸಿದ್ದು ಎಂದ. ಇಳಿಸಿದ್ದೇ ಇಳಿಸಿದೆ ಪುಣ್ಯಾತ್ಮ, ಇನ್ನೊಂದು ವರ್ಷ ತಡೆಯಬಾರದಿತ್ತೇ ಎಂದು ಮನಸ್ಸಿನಲ್ಲೇ ಬೈದೆ. ಗೋಡೆಯ ಪಕ್ಕದ ಕುರ್ಚಿಯಲ್ಲಿ ಸುಮಿತ್ರಕ್ಕ ಕೂತಿದ್ದರು. ತಮ್ಮನನ್ನು ಮೇಲಿಂದ ಕೆಳಗೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

ಊಟದ ಸಾಲು ಶುರುವಾದಾಗ ನನ್ನನ್ನು ಕಣ್ಣಿನಲ್ಲೇ ಕರೆದರು. ಹತ್ತಿರ ಹೋಗಿ ಕೂತೆ.

“ನಿನಗ ಗೊತ್ತಿತ್ತು” ಎಂದರು.

ಹೇಳುವಂತಿರಲಿಲ್ಲ, ಸುಳ್ಳಾಡುವುದೂ ಆಗಲಿಲ್ಲ. ತಲೆ ತಗ್ಗಿಸಿದೆ. ಅವರಿಗೆ ಅಷ್ಟು ಸಾಕಾಯಿತು.

“ಅವಾ ತಮ್ಮ, ಅಂಜಿದಾ. ಸಣ್ಣಾವ ಇದ್ದಾಗಿಂದ ಅಂಜುಬುರುಕನ. ಅವನ್ನ ನಾ ಏನೂ ಅನ್ನೂದಿಲ್ಲ.” ಸೆರಗು ಸರಿಮಾಡಿಕೊಂಡರು. “ನೀ ಯಾಕ ಸುಮ್ಮನಿದ್ದಿ, ವಾರಿಜಾ? ನೀ ನನ್ನಾಕಿ ಅಂತ ತಿಳದಿದ್ದೆ.”

ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು, ಕಾನೂನಿನ ಪುಸ್ತಕದಲ್ಲಿ ಸ್ಪಷ್ಟವಾಗಿಯೇ ಇತ್ತು. ಗೆಳತಿಗೆ ಹೇಳುವಂಥ ಉತ್ತರ ಅದಾಗಿರಲಿಲ್ಲ. ಆ ದಿನದ ನಂತರ ಸುಮಿತ್ರಕ್ಕ ನನ್ನ ಮನೆಗೆ ಬರಲಿಲ್ಲ, ನಾನು ಹೋದಾಗ ಚಹಾ ಕೊಟ್ಟು ಮರ್ಯಾದೆಯಿಂದ ಕಳಿಸಿದರು. ತಮ್ಮನ ಮನೆಯ ಹಬ್ಬಗಳಿಗೆ ಮಾತ್ರ ಮೊದಲಿನಂತೆಯೇ ಹೋಗಿ ಬರುತ್ತಿದ್ದರು. ಇದೆಂಥ ನ್ಯಾಯ ಎಂದು ನಾನು ಬಹಳ ದಿನ ಕುದ್ದೆ. ಮೋಸ ಮಾಡಿದವನಿಗೆ ಹೋಳಿಗೆ, ಗುಟ್ಟು ಕಾದವಳಿಗೆ ಹೊಸ್ತಿಲು. ಎಷ್ಟೋ ವರ್ಷದ ಮೇಲೆ ಸರದಿಯ ಪಟ್ಟಿಯಿಂದ ಅವರಿಗೆ ಒಂದು ಕಿಡ್ನಿ ಸಿಕ್ಕಿತು. ಆ ಸುದ್ದಿ ನನಗೆ ತಿಳಿದದ್ದು ದಿನಸಿ ಅಂಗಡಿಯಲ್ಲಿ, ಯಾರೋ ಯಾರಿಗೋ ಹೇಳುತ್ತಿದ್ದಾಗ. ಮನೆಗೆ ಬಂದು ದೇವರಿಗೆ ದೀಪ ಹಚ್ಚಿದೆ, ಫೋನ್ ಮಾಡುವ ಧೈರ್ಯ ಬರಲಿಲ್ಲ.

ನಾನೀಗ ನಿವೃತ್ತಳು. ಆ ಪ್ರಕರಣದ ನಂತರ ಕೆಲಸದಲ್ಲಿ ಒಂದು ಪದ್ಧತಿ ಮಾಡಿಕೊಂಡೆ, ಕೊನೆಯ ದಿನದವರೆಗೂ ಬಿಡಲಿಲ್ಲ. ತೂಕ ಇಳಿಸಲು, ನಡೆಯಲು, ಮೈ ಬಗ್ಗಿಸಲು ಯಾರೇ ಬಂದರೂ ಮೊದಲ ಭೇಟಿಯಲ್ಲಿ ಜೊತೆಗೆ ಬಂದವರನ್ನು ಹೊರಗೆ ಕೂರಿಸುತ್ತಿದ್ದೆ. ಗಂಡನಿರಲಿ, ಹೆಂಡತಿಯಿರಲಿ, ಊರಿಂದ ಬಂದ ಮಾವನಿರಲಿ. ಇವರು ಇದ್ದರೆ ಅಡ್ಡಿಯಿಲ್ಲವೇ ಎಂದು ರೋಗಿಯನ್ನು ಕೇಳುತ್ತಿರಲಿಲ್ಲ. ಕೇಳಿದರೆ ನಮ್ಮವರು ಯಾರೂ ಅಡ್ಡಿ ಎನ್ನುವುದಿಲ್ಲ, ಎನ್ನಲು ಅವರ ನಾಲಿಗೆ ಏಳುವುದಿಲ್ಲ. ಹೊರಗೆ ಹೋಗಿ ಎಂಬ ಮಾತು ನನ್ನ ಬಾಯಿಂದಲೇ ಬರಬೇಕು, ಅದರ ಕೆಟ್ಟ ಹೆಸರೂ ನನಗೇ ಇರಬೇಕು. ಬಾಗಿಲು ಹಾಕಿ, ಇದು ನಿಮಗೇ ಬೇಕೋ, ಬೇರೆಯವರಿಗೆ ಬೇಕೋ ಎಂದು ಕೇಳುತ್ತಿದ್ದೆ. ಎಷ್ಟೋ ಜನ ಅಲ್ಲಿಯೇ ಅತ್ತಿದ್ದಾರೆ. ಹೊರಗೆ ಕೂತವರು ನನ್ನನ್ನು ಸೊಕ್ಕಿನ ಹೆಂಗಸು ಎಂದದ್ದು ನನ್ನ ಕಿವಿಗೂ ಬಿದ್ದಿದೆ. ಅನ್ನಲಿ. ಅವತ್ತು ಆ ಆಸ್ಪತ್ರೆಯ ಬಾಗಿಲಲ್ಲಿ ಅಂಥ ಸೊಕ್ಕಿನವಳೊಬ್ಬಳು ನಿಂತಿದ್ದರೆ, ನನಗೆ ಸುಮಿತ್ರಕ್ಕ ಉಳಿಯುತ್ತಿದ್ದರು.